ಗಾಳಿಯಿಲ್ಲದ ಊರಿನಲ್ಲಿ ಗಾಳಿಯ ಲೆಕ್ಕ

ದಿಲ್ಲಿಯ ಧೌಲಾ ಕುವಾಂ ದಾಟಿ ಗುರುಗ್ರಾಮದ ಕಡೆಗೆ ಹೊರಟರೆ ರಸ್ತೆಬದಿಯ ಫಲಕಗಳಲ್ಲಿ 48 ಎಂಬ ಅಂಕಿ ಕಾಣಿಸುತ್ತದೆ. ಚಿತ್ರದುರ್ಗದವರಿಗೆ ಈ ಅಂಕಿ ಹೊಸದಲ್ಲ. ಜೈಪುರ, ಉದಯಪುರ, ಅಹಮದಾಬಾದ್, ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ ಎಲ್ಲ ಹಾದು ನಮ್ಮೂರಿನ ಮಗ್ಗುಲಿಗೆ ಬಂದು, ಅಲ್ಲಿಂದ ಬೆಂಗಳೂರು ದಾಟಿ ಚೆನ್ನೈ ಸೇರುವ ಹೆದ್ದಾರಿ ಇದೇ. ನಮ್ಮ ಕಡೆ ಈ ರಸ್ತೆಯಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತರೆ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ನಿಂತ ಫ್ಯಾನುಗಳು ಕಣ್ಣಿಗೆ ಬೀಳುತ್ತವೆ. ಜೋರಾಗಿ ತಿರುಗುತ್ತಿದ್ದರೆ ಆಷಾಢ ಬಂತೆಂದು ಗೊತ್ತು, ಸುಮ್ಮನೆ ನಿಂತಿದ್ದರೆ ಸುಗ್ಗಿ ಹತ್ತಿರವಾಯಿತೆಂದು ಗೊತ್ತು. ಈ ತುದಿಯಲ್ಲಿ ಅಂಥದ್ದೇನೂ ಇಲ್ಲ. ಮೇಲ್ಸೇತುವೆ, ಹೋಟೆಲುಗಳ ಬೋರ್ಡು, ತಲೆಗೆ ತಾಗುತ್ತದೇನೋ ಎನ್ನುವಷ್ಟು ಕೆಳಗೆ ಇಳಿಯುವ ವಿಮಾನ.

ಆದರೂ ದೇಶದ ಗಾಳಿ ವಿದ್ಯುತ್ತಿಗೆ ದಿಲ್ಲಿಯೇ ಯಜಮಾನ. 2025ರ ಮಾರ್ಚ್ ಹೊತ್ತಿಗೆ 50,000 ಮೆಗಾವಾಟ್ ದಾಟಿದ ಗಾಳಿ ಸಾಮರ್ಥ್ಯಕ್ಕೆ ಹರಾಜು ಕೂಗುವವರು ಇಲ್ಲಿದ್ದಾರೆ, ಯಾವ ತಂತಿಯಲ್ಲಿ ಎಷ್ಟು ಹರಿಯಬೇಕೆಂದು ಹೇಳುವವರು ಇಲ್ಲಿದ್ದಾರೆ, ಅದರಿಂದ ಎಷ್ಟು ಇಂಗಾಲ ಉಳಿಯಿತೆಂದು ಬರೆದಿಡುವವರೂ ಇಲ್ಲೇ ಇದ್ದಾರೆ. 2024-25ರ ಒಂದೇ ವರ್ಷದಲ್ಲಿ ಅತಿ ಹೆಚ್ಚು ಗಾಳಿಯಂತ್ರ ನಿಲ್ಲಿಸಿದ ರಾಜ್ಯ ಕರ್ನಾಟಕ, 1,331 ಮೆಗಾವಾಟ್. ಫ್ಯಾನುಗಳ ನೆರಳಲ್ಲಿ ಬೆಳೆದವನಿಗೆ ಈ ಲೆಕ್ಕ ಬರೆಯುವ ಮನೆಗಳನ್ನೂ ಒಮ್ಮೆ ನೋಡಬೇಕೆಂಬ ಆಸೆ ಹಳೆಯದು. ದ್ವಾರಕಾದಲ್ಲಿರುವ ತಂಗಿಯ ಮನೆಗೆ ದೀಪಾವಳಿ ಕಳೆದ ಮೇಲೆ ಹೋದಾಗ ಅದಕ್ಕೊಂದು ನೆಪ ಸಿಕ್ಕಿತು.

ಹೋದ ಕಾಲ ಮಾತ್ರ ದಿಲ್ಲಿಯವರೇ ದಿಲ್ಲಿಯಲ್ಲಿರಲು ಇಷ್ಟಪಡದ ಕಾಲ. ಬೆಳಿಗ್ಗೆ ಬಾಲ್ಕನಿಯಿಂದ ನೋಡಿದರೆ ಎದುರಿನ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಗಳು ಕಾಣುತ್ತಿರಲಿಲ್ಲ. "ಅಣ್ಣಾ, ವಾಕಿಂಗು ಗೀಕಿಂಗು ಅಂತ ಹೊರಡಬೇಡ, ಇವತ್ತು ಗಾಳಿನೇ ಇಲ್ಲ" ಎಂದು ತಂಗಿ ಮೊಬೈಲ್ ನೋಡಿಕೊಂಡೇ ಹೇಳಿದಳು. ಗಾಳಿ ಕೆಟ್ಟಿದೆ ಎನ್ನಲಿಲ್ಲ, ಗಾಳಿ ಇಲ್ಲ ಎಂದಳು. ಈ ಊರಲ್ಲಿ ಕಾರ್ತಿಕ ಮಾಸದಲ್ಲಿ ಗಾಳಿಯ ವೇಗ ಪತ್ರಿಕೆಯ ಮುಖಪುಟದ ಸುದ್ದಿ. ಗಂಟೆಗೆ ನಾಲ್ಕೈದು ಕಿಲೋಮೀಟರ್ ಇದ್ದದ್ದು ಹದಿನೈದಕ್ಕೆ ಏರುತ್ತದೆ ಎಂದರೆ ಜನ ನಿಟ್ಟುಸಿರು ಬಿಡುತ್ತಾರೆ. ಚಳಿಗೆ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಕೆಳಗೇ ಕೂರುತ್ತದೆ. ಮೇಲಿನ ಬೆಚ್ಚನೆಯ ಪದರ ಮುಚ್ಚಳದ ಹಾಗೆ ಕವಿಯುತ್ತದೆ. ವಾಹನಗಳ ಹೊಗೆ, ಕಟ್ಟಡಗಳ ಧೂಳು, ಪಂಜಾಬು ಹರಿಯಾಣದ ಗದ್ದೆಗಳಲ್ಲಿ ಸುಟ್ಟ ಕೂಳೆಯ ಹೊಗೆ, ಚಿಮಣಿಗಳು ಉಗುಳಿದ ಗಂಧಕ ಎಲ್ಲವೂ ಆ ಮುಚ್ಚಳದ ಕೆಳಗೆ ಸಿಕ್ಕಿಕೊಳ್ಳುತ್ತವೆ. ಗುಡಿಸಿ ಹೊರಹಾಕಬೇಕಾದದ್ದು ಗಾಳಿ, ಅದೇ ಬರುವುದಿಲ್ಲ.

ಇಂಥ ನೆಲದಲ್ಲಿ ಗಾಳಿಯಂತ್ರ ನೆಡುವುದು ದಂಡ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ಸೆಕೆಂಡಿಗೆ 8 ಮೀಟರ್ ಬೀಸುವ ಗುಡ್ಡಕ್ಕೂ 2 ಮೀಟರ್ ಬೀಸುವ ಬಯಲಿಗೂ ಇರುವ ಅಂತರ ನಾಲ್ಕು ಪಟ್ಟಲ್ಲ, ಅರವತ್ತನಾಲ್ಕು ಪಟ್ಟು. ಸೆಕೆಂಡಿಗೆ 3 ಮೀಟರಾದರೂ ಬೀಸದಿದ್ದರೆ ದೊಡ್ಡ ಯಂತ್ರಗಳು ತಿರುಗುವುದೇ ಇಲ್ಲ. ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರ, ಮಧ್ಯಪ್ರದೇಶ, ತೆಲಂಗಾಣ, ಆಂಧ್ರ, ತಮಿಳುನಾಡು, ಕರ್ನಾಟಕ, ಈ ಎಂಟು ರಾಜ್ಯಗಳ ಆಚೆಗೆ ನಮ್ಮ ದೇಶದಲ್ಲಿ ಗಾಳಿ ವಿದ್ಯುತ್ತಿನ ಮಾತಿಗೆ ಹೆಚ್ಚು ಅರ್ಥವಿಲ್ಲದಿರುವುದು ಇದಕ್ಕೇ.

ದಿಲ್ಲಿಗೆ ಹೋದ ಕನ್ನಡಿಗ ಒಮ್ಮೆಯಾದರೂ ಆರ್.ಕೆ. ಪುರದ ಸೆಕ್ಟರ್ 12ಕ್ಕೆ ಹೋಗುತ್ತಾನೆ, ಅಲ್ಲಿ ದಿಲ್ಲಿ ಕರ್ನಾಟಕ ಸಂಘವಿದೆ. ನನಗೆ ಸಂಘಕ್ಕಿಂತ ಅದೇ ಆರ್.ಕೆ. ಪುರದ ಇನ್ನೊಂದು ಕಟ್ಟಡದ ಮೇಲೆ ಕಣ್ಣು. ಸೇವಾ ಭವನ, ಕೇಂದ್ರ ವಿದ್ಯುತ್ ಪ್ರಾಧಿಕಾರದ ಕಚೇರಿ. ಹೊರಗಿನಿಂದ ನೋಡಿದರೆ ದಿಲ್ಲಿಯ ಹಳೆಯ ಸರ್ಕಾರಿ ಕಟ್ಟಡಗಳೆಲ್ಲ ಹೇಗಿರುತ್ತವೋ ಹಾಗೇ ಇದೆ. ಗೇಟಿನಾಚೆ ಒಬ್ಬ ಚೋಲೆ ಕುಲ್ಚೆ ಮಾರುತ್ತಿದ್ದ, ಅವನ ಗಾಡಿಯ ಸುತ್ತ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ನೌಕರರು. ದೇಶದ ಒಂದು ಯುನಿಟ್ ವಿದ್ಯುತ್ತಿಗೆ ಸರಾಸರಿ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂಬ ಅಂಕಿ ಪ್ರಕಟವಾಗುವುದು ಇಲ್ಲಿಂದ. ಈಚಿನ ವರ್ಷಗಳಲ್ಲಿ ಅದು 0.7 ಕಿಲೋಗ್ರಾಮಿನ ಆಸುಪಾಸು. ಗಾಳಿ ವಿದ್ಯುತ್ ಕಂಪನಿಗಳು "ಇಷ್ಟು ಲಕ್ಷ ಟನ್ ಇಂಗಾಲ ಉಳಿಸಿದೆವು" ಎಂದು ಜಾಹೀರಾತು ಕೊಡುತ್ತವಲ್ಲ, ಆ ಗುಣಾಕಾರಗಳ ಬೇರು ಸಾಮಾನ್ಯವಾಗಿ ಇಲ್ಲಿಯ ಲೆಕ್ಕದಲ್ಲೇ ಇರುತ್ತದೆ.

ಸಂಘದಲ್ಲಿ ಪರಿಚಯವಾದ ಹಿರಿಯರೊಬ್ಬರು ಈ ಗುಣಾಕಾರವನ್ನು ಟೀ ಕುಡಿಯುತ್ತಲೇ ಮಾಡಿ ತೋರಿಸಿದರು. ಗದಗ ಜಿಲ್ಲೆಯ ಮುಂಡರಗಿ ಕಡೆಯವರು, ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿ ಇಲ್ಲೇ ಉಳಿದವರು. ಎಲ್ಲರಿಗೂ ಅವರು ಕಾಕಾ. "ನಮ್ಮ ಗುಡ್ಡದ ಮ್ಯಾಲಿನ ಒಂದು ಎರಡು ಮೆಗಾವಾಟಿನ ಫ್ಯಾನ್ ಹಿಡೀರಿ. ವರ್ಷಾನಗಟ್ಟಲೆ ಪೂರಾ ದಮ್ಮಿನಿಂದ ತಿರುಗೂದಿಲ್ಲ ಅದು, ನೂರಕ್ಕ ಮೂವತ್ತು ಅಂತ ಇಟ್ಕೋರಿ." ಕಾಗದದ ಕರವಸ್ತ್ರದ ಮೇಲೆ ಬರೆದರು: ವರ್ಷಕ್ಕೆ 8,760 ಗಂಟೆ, ಸುಮಾರು 52 ಲಕ್ಷ ಯುನಿಟ್, 0.7ರಿಂದ ಗುಣಿಸಿದರೆ ಮೂರೂವರೆ ಸಾವಿರ ಟನ್ನಿಗೂ ಮೇಲೆ. ಯಂತ್ರ ಎರಕ ಹೊಯ್ಯಲು, ಸಿಮೆಂಟು ಸುರಿಯಲು, ಸಾಗಿಸಲು ಆದ ಇಂಗಾಲದ ಖರ್ಚೂ ಇದೆಯಲ್ಲ ಎಂದೆ. ಅದಕ್ಕೂ ಅಂಕಿ ಇದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2014ರಲ್ಲಿ ಒಟ್ಟುಮಾಡಿದ ಪ್ರಕಾರ, ಹುಟ್ಟಿನಿಂದ ಗುಜರಿಯವರೆಗೆ ಎಲ್ಲವನ್ನೂ ಸೇರಿಸಿದರೂ ನೆಲದ ಮೇಲಿನ ಗಾಳಿ ವಿದ್ಯುತ್ತಿಗೆ ಯುನಿಟ್ಟಿಗೆ ಸುಮಾರು 11 ಗ್ರಾಮ್, ಕಲ್ಲಿದ್ದಲಿಗೆ 820 ಗ್ರಾಮ್. ಈ ಅಂತರದ ಮುಂದೆ ಗಾಳಿಯ ವಿರೋಧಿಗಳ ಹಲವು ವಾದಗಳು ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಾಕಾ ಅಷ್ಟಕ್ಕೇ ಬಿಡಲಿಲ್ಲ. "ಈ ಏಳುನೂರು ಗ್ರಾಮ್ ಅನ್ನೂದು ಸರಾಸರಿ ಮಾತ್ರ ರೀ. ಗಾಳಿ ಬೀಸಿದಾಗ ಯಾವ ಚಿಮಣಿ ತಣ್ಣಗಾತು ಅದನ್ನ ನೋಡ್ರಿ. ಗಾಳಿ ಬಂತಂತ ಡ್ಯಾಮಿನ ನೀರು ನಿಲ್ಲಿಸಿದ್ರ ಆ ಹೊತ್ತಿಗೆ ಏನು ಉಳೀತು? ಕಲ್ಲಿದ್ದಲ ಬಂದ್ ಮಾಡಿದ್ರ ಒಂದು ಕೇಜಿ ಉಳೀತು." ದೇಶಕ್ಕೆಲ್ಲ ಅನ್ವಯಿಸಿದರೆ ಲೆಕ್ಕ ಹೀಗೆ ಬರುತ್ತದೆ: 2023-24ರಲ್ಲಿ ಗಾಳಿಯಿಂದ ಬಂದದ್ದು ಸುಮಾರು 8,300 ಕೋಟಿ ಯುನಿಟ್, ಅಂದರೆ ಉಳಿದದ್ದು ಆರು ಕೋಟಿ ಟನ್ನಿನ ಹತ್ತಿರ. ದೇಶದ ವಿದ್ಯುತ್ ಕೇಂದ್ರಗಳು ವರ್ಷಕ್ಕೆ ನೂರು ಕೋಟಿ ಟನ್ನಿಗೂ ಹೆಚ್ಚು ಉಗುಳುತ್ತವೆ. ಆರು ಕೋಟಿ ಸಣ್ಣದಲ್ಲ, ಸಾಕಾಗುವಷ್ಟೂ ಅಲ್ಲ.

ಕಾಕಾ ಜೊತೆಗೇ ಕಟ್ವಾರಿಯಾ ಸರಾಯ್‌ಗೆ ಹೋದೆ. ಐಐಟಿಯ ಹಿಂಬದಿಯ ಊರದು. ಕೋಚಿಂಗ್ ಹುಡುಗರ ಪಿಜಿಗಳು, ಜೆರಾಕ್ಸ್ ಅಂಗಡಿಗಳು, ಗಲ್ಲಿಯ ಮೇಲೆ ಜೇಡರ ಬಲೆಯಂತೆ ಜೋತುಬಿದ್ದ ವಿದ್ಯುತ್ ತಂತಿಗಳು. ಅದರ ಮಗ್ಗುಲಲ್ಲೇ ಕುತುಬ್ ಸಾಂಸ್ಥಿಕ ಪ್ರದೇಶದಲ್ಲಿ ಗ್ರಿಡ್-ಇಂಡಿಯಾದ ಕಚೇರಿ, ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಸೆಂಟರ್. ಒಳಗೆ ಬಿಡುವುದಿಲ್ಲ, ಬಿಡಬೇಕಾದ ಜಾಗವೂ ಅಲ್ಲ. ನಾವು ರಸ್ತೆಯ ಈಚೆ ನಿಂತೇ ಮಾತಾಡಿದೆವು. ದಿನದ 24 ಗಂಟೆಯನ್ನು ಹದಿನೈದು ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿಗೂ ಯಾರು ಎಷ್ಟು ಉತ್ಪಾದಿಸಬೇಕು, ಯಾರು ಎಷ್ಟು ಎಳೆಯಬೇಕು ಎಂಬ ಶೆಡ್ಯೂಲು ನಡೆಯುತ್ತದೆ. ಕಾಕಾ ಜೇಬಿನಿಂದ ಮೊಬೈಲ್ ತೆಗೆದು ಗ್ರಿಡ್ಡಿನ ಆ ಕ್ಷಣದ ಫ್ರೀಕ್ವೆನ್ಸಿ ತೋರಿಸಿದರು. 50 ಹರ್ಟ್ಸ್‌ಗೆ ಕೂದಲೆಳೆಯಷ್ಟು ಕಡಿಮೆ. "ಇದ ನಮ್ಮ ನಾಡಿಬಡಿತ. ಚಿತ್ರದುರ್ಗದಾಗೂ ಈಗ ಇಷ್ಟ ಐತ್ರಿ."

ಯಾವಾಗಲೂ ಹಾಗಿರಲಿಲ್ಲ. 2012ರ ಜುಲೈ 30ರ ನಸುಕಿನಲ್ಲಿ, 2 ಗಂಟೆ 33 ನಿಮಿಷಕ್ಕೆ, ಬೀನಾ–ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಮಾರ್ಗ ಟ್ರಿಪ್ ಆದದ್ದೇ ನೆಪವಾಗಿ ಉತ್ತರದ ಗ್ರಿಡ್ ಇಡಿಯಾಗಿ ಕುಸಿಯಿತು. ಸಂಜೆಯ ಹೊತ್ತಿಗೆ ಹೇಗೋ ಎಬ್ಬಿಸಿ ನಿಲ್ಲಿಸಿದರು. ಮರುದಿನ ಮಧ್ಯಾಹ್ನ ಒಂದರ ಸುಮಾರಿಗೆ ಉತ್ತರದ ಜೊತೆ ಪೂರ್ವ, ಈಶಾನ್ಯದ ಗ್ರಿಡ್ಡುಗಳೂ ಬಿದ್ದವು. ಅರವತ್ತು ಕೋಟಿ ಜನರಿಗೆ ಕರೆಂಟಿಲ್ಲ. ದಿಲ್ಲಿ ಮೆಟ್ರೊ ಸುರಂಗದಲ್ಲಿ ನಿಂತಿತು, ರೈಲುಗಳು ಹಳಿಯ ಮೇಲೇ ನಿಂತವು. ಕಾಕಾ ಆ ದಿನಗಳನ್ನು ಹೇಳುವಾಗ ಅವರ ದನಿಯಲ್ಲಿ ಯುದ್ಧದ ಕಥೆ ಹೇಳುವವರ ಹುರುಪಿತ್ತು. ದಕ್ಷಿಣದಲ್ಲಿ ದೀಪ ಆರಲಿಲ್ಲ. ಆಗ ದಕ್ಷಿಣದ ಗ್ರಿಡ್ ಬೇರೆಯೇ ಮಿಡಿತದಲ್ಲಿ ನಡೆಯುತ್ತಿತ್ತು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬಂದ ಏಕಮುಖ ವಿದ್ಯುತ್ ಮಾರ್ಗದಂಥ ಕೆಲವು ಕೊಂಡಿಗಳಷ್ಟೇ ಅದನ್ನು ಉಳಿದ ದೇಶಕ್ಕೆ ಸೇರಿಸಿದ್ದವು.

ಆ ಬೇಲಿ ಬಿದ್ದದ್ದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿನಿಂದ. ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗಕ್ಕೆ ಚಾಲನೆ ಸಿಕ್ಕಿದ ಆ ದಿನದಿಂದ ದೇಶಕ್ಕೆಲ್ಲ ಒಂದೇ ಗ್ರಿಡ್ಡು, ಒಂದೇ ಫ್ರೀಕ್ವೆನ್ಸಿ. ಊರಿನ ಫ್ಯಾನುಗಳಿಗೂ ದಿಲ್ಲಿಯ ಏಸಿಗಳಿಗೂ ನಂಟು ಬೆಳೆದದ್ದು ಅಂದಿನಿಂದ. ಅದನ್ನು ಯಾರೂ ಹಬ್ಬ ಮಾಡಿ ಆಚರಿಸಲಿಲ್ಲ, ನಮ್ಮ ಪಠ್ಯಪುಸ್ತಕಗಳಿಗೂ ಅದು ಬಂದಂತಿಲ್ಲ. ನನ್ನ ದೃಷ್ಟಿಯಲ್ಲಿ ಕರ್ನಾಟಕದ ಈ ಶತಮಾನದ ದೊಡ್ಡ ಘಟನೆಗಳಲ್ಲಿ ಅದೊಂದು.

ಹಾಗೆಂದು ನಮ್ಮೂರಿನ ಜೋಗಿಮಟ್ಟಿಯ ಗಾಳಿ ತಂತಿ ಹಿಡಿದು ದಿಲ್ಲಿಯ ಚಾಣಕ್ಯಪುರಿಗೆ ಬರುತ್ತದೆ ಎಂದುಕೊಳ್ಳುವಂತಿಲ್ಲ. ಎಲ್ಲರೂ ಸುರಿಯುವ, ಎಲ್ಲರೂ ಮೊಗೆಯುವ ಕೆರೆಯಲ್ಲಿ ಯಾರ ನೀರು ಯಾವುದೆಂದು ಹೇಳಲಾಗುವುದಿಲ್ಲ. ಹೇಳಲಾಗದ್ದನ್ನು ಕಾಗದದ ಮೇಲೆ ಹೇಳುವ ಕೆಲಸವೂ ನಾವು ಎದುರು ನಿಂತಿದ್ದ ಆ ಕಟ್ಟಡದಲ್ಲೇ ನಡೆಯುತ್ತದೆ. ಸಾವಿರ ಯುನಿಟ್ ಹಸಿರು ವಿದ್ಯುತ್ತಿಗೆ ಒಂದು ಪ್ರಮಾಣಪತ್ರ. ಅದರ ನೋಂದಣಿ ನೋಡಿಕೊಳ್ಳುವುದು ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಸೆಂಟರೇ. ಗಾಳಿಯ ವಿದ್ಯುತ್ತನ್ನು ಒಬ್ಬರಿಗೆ, ಅದರ ಪುಣ್ಯವನ್ನು ಇನ್ನೊಬ್ಬರಿಗೆ ಮಾರಬಹುದು. ಗಾಳಿಯಿಲ್ಲದ ರಾಜ್ಯದ ವಿತರಣ ಕಂಪನಿ ಆ ಪತ್ರ ಕೊಂಡು ತನ್ನ ಪಾಲಿನ ಹಸಿರು ವಿದ್ಯುತ್ತಿನ ಕಡ್ಡಾಯ ಖರೀದಿಯ ಲೆಕ್ಕ ತೀರಿಸುತ್ತದೆ. ಕೇಳಲು ವಿಚಿತ್ರ, ಆದರೆ ಇದಿಲ್ಲದಿದ್ದರೆ ದಿಲ್ಲಿಯಂಥ ಊರುಗಳು ಗಾಳಿಗೆಂದು ಒಂದು ಪೈಸೆ ಬಿಚ್ಚುತ್ತಿರಲಿಲ್ಲ.

ದಿಲ್ಲಿಯ ಒಳಗೇ ಫ್ಯಾನು ತಿರುಗುವ ಜಾಗವೊಂದಿದೆ ಎಂದು ತಂಗಿಯ ಮಗ ಪತ್ತೆ ಹಚ್ಚಿದ್ದ. ಸರಾಯ್ ಕಾಲೇ ಖಾನ್ ಹತ್ತಿರದ 'ವೇಸ್ಟ್ ಟು ವಂಡರ್' ಉದ್ಯಾನ. 2019ರ ಫೆಬ್ರುವರಿಯಲ್ಲಿ ತೆರೆದದ್ದು. ಸುಮಾರು 150 ಟನ್ ಗುಜರಿ ಬೆಸೆದು ಜಗತ್ತಿನ ಏಳು ಅದ್ಭುತಗಳನ್ನು ಎಬ್ಬಿಸಿದ್ದಾರೆ. ತಾಜಮಹಲಿನ ಗೋಡೆಗೆ ಸೈಕಲ್ ಚಕ್ರ, ಪೈಪು; ಐಫೆಲ್ ಗೋಪುರಕ್ಕೆ ಹಳೇ ವಾಹನಗಳ ಕಬ್ಬಿಣ. ವಿದ್ಯುತ್ತಿಗೆಂದು ಸೌರ ಫಲಕಗಳ ಜೊತೆಗೆ ತಲಾ ಒಂದು ಕಿಲೋವಾಟಿನ ಮೂರು ಗಾಳಿಯಂತ್ರ ನಿಲ್ಲಿಸಿದ್ದಾರೆ. ನಾನು ಬಹಳ ಹೊತ್ತು ಒಂದರ ಕೆಳಗೆ ನಿಂತಿದ್ದೆ. ಕಂಬ ನಮ್ಮೂರಿನ ಬೀದಿ ದೀಪದ ಕಂಬಕ್ಕಿಂತ ಹೆಚ್ಚೇನೂ ಎತ್ತರವಿಲ್ಲ. ರೆಕ್ಕೆಗಳ ಮೇಲೆ ಬೂದು ಬಣ್ಣದ ಧೂಳಿನ ಪದರ, ಅಂಚಿನಲ್ಲಿ ಮಾತ್ರ ಅದು ಉದುರಿ ಬಿಳಿ ಬಣ್ಣ ಕಾಣುತ್ತಿತ್ತು. ಹಾಗಾದರೆ ಯಾವಾಗಲೋ ತಿರುಗಿದೆ. ಆಗೊಮ್ಮೆ ಈಗೊಮ್ಮೆ ಅರ್ಧ ಸುತ್ತು ಬಂದು, ಮನಸ್ಸು ಬದಲಿಸಿದವರಂತೆ ನಿಂತುಬಿಡುತ್ತಿತ್ತು. ಸೆಲ್ಫಿ ತೆಗೆಯುವ ಜನರಲ್ಲಿ ಒಬ್ಬರೂ ಅದರತ್ತ ನೋಡಲಿಲ್ಲ. ಸೋದರಳಿಯ ಕೇಳಿದ: "ಮಾವ, ನಿಮ್ಮೂರಿನದು ಇದಕ್ಕಿಂತ ಎಷ್ಟು ದೊಡ್ಡದು?" ಎರಡು ಸಾವಿರ ಪಟ್ಟು ಎಂದೆ. ಅವನು ನಂಬಲಿಲ್ಲ. ಸಾಮರ್ಥ್ಯದ ಲೆಕ್ಕದಲ್ಲಿ ಅದು ನಿಜವೇ.

ಮೆಟ್ರೊ ಹಳದಿ ಮಾರ್ಗದಲ್ಲಿ ಗುರುಗ್ರಾಮಕ್ಕೆ ಹೋಗಿ ಬಂದದ್ದನ್ನು ಉದ್ದಕ್ಕೆ ಬರೆಯುವ ಅಗತ್ಯವಿಲ್ಲ. ಗಾಜಿನ ಕಟ್ಟಡಗಳು, ಕಾಲುದಾರಿಯೇ ಇಲ್ಲದ ರಸ್ತೆಗಳು. ಆದರೆ ಆ ಗಾಜಿನ ಹಿಂದೆ ನಮ್ಮ ಗುಡ್ಡಗಳ ಭವಿಷ್ಯವಿದೆ. ದೇಶದ ಹೈಟೆನ್ಷನ್ ಜಾಲ ನಡೆಸುವ ಪವರ್‌ಗ್ರಿಡ್ಡಿನ ಮುಖ್ಯ ಕಚೇರಿ ಇಲ್ಲಿದೆ. ಗಾಳಿ ವಿದ್ಯುತ್ತಿನ ದೊಡ್ಡ ಕಂಪನಿಗಳಲ್ಲಿ ಒಂದಾದ ರಿನ್ಯೂ ಸಹ ಇಲ್ಲಿಯದೇ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಕೇಂದ್ರದ ಸೌರಶಕ್ತಿ ನಿಗಮ ಒಂದು ಹರಾಜು ನಡೆಸಿತು. 400 ಮೆಗಾವಾಟ್ ಹಸಿರು ವಿದ್ಯುತ್ತು, ಅದೂ ಹಗಲೂ ರಾತ್ರಿ. ಆ ಟೆಂಡರಿನ ಹೆಸರಲ್ಲೇ ಖರೀದಿದಾರರ ಹೆಸರಿತ್ತು: ಹೊಸದಿಲ್ಲಿ ನಗರಪಾಲಿಕಾ ಪರಿಷತ್ತು ಮತ್ತು ದಾದ್ರಾ ನಗರ ಹವೇಲಿ. ಹೊಸದಿಲ್ಲಿ ಪರಿಷತ್ತೆಂದರೆ ರಾಷ್ಟ್ರಪತಿ ಭವನ, ಸಂಸತ್ತು, ಕನಾಟ್ ಪ್ಲೇಸ್. ರಿನ್ಯೂ ಮೊದಲ ವರ್ಷಕ್ಕೆ ಯುನಿಟ್ಟಿಗೆ 2.90 ರೂಪಾಯಿಯಂತೆ ಗೆದ್ದಿತು. ವರ್ಷಕ್ಕೆ ಒಪ್ಪಿದ ಸಾಮರ್ಥ್ಯದ ಶೇ 80ರಷ್ಟಾದರೂ ವಿದ್ಯುತ್ತು ಕೊಡಲೇಬೇಕೆಂಬ ಷರತ್ತಿತ್ತು. ಅದನ್ನು ಪೂರೈಸಲು ಕಂಪನಿ ಹಾಕಿದ ಯೋಜನೆ ನೋಡಿ: ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ 900 ಮೆಗಾವಾಟ್ ಗಾಳಿ, ರಾಜಸ್ಥಾನದಲ್ಲಿ 400 ಮೆಗಾವಾಟ್ ಸೂರ್ಯ. ನಾನೂರು ಕೊಡಲು ಸಾವಿರದ ಮುನ್ನೂರು ಕಟ್ಟಬೇಕು. ಗಾಳಿ ಅಗ್ಗ, ಗಾಳಿಯನ್ನು ಬೇಕೆಂದಾಗ ಕೊಡುವುದು ಅಗ್ಗವಲ್ಲ.

ಆ ಸಂಜೆ ಕನಾಟ್ ಪ್ಲೇಸಿನ ಮೋಹನ್ ಸಿಂಗ್ ಪ್ಲೇಸ್ ಕಟ್ಟಡದ ಇಂಡಿಯನ್ ಕಾಫಿ ಹೌಸಿನಲ್ಲಿ ಕೂತಿದ್ದೆ. ಕಾಫಿ ನಮ್ಮ ನಾಲಿಗೆಗೆ ಹಿಡಿಸುವಂಥದ್ದಲ್ಲ, ತಾರಸಿ ಚೆನ್ನಾಗಿದೆ. ಕೆಳಗೆ ಬಿಳಿ ಕಂಬಗಳ ಸಾಲಿನಲ್ಲಿ ಅಂಗಡಿಗಳ ದೀಪ ಒಂದೊಂದಾಗಿ ಹತ್ತಿಕೊಳ್ಳುತ್ತಿತ್ತು. ಸೂರ್ಯ ಮುಳುಗಿದ್ದಾನೆ, ಸೌರ ವಿದ್ಯುತ್ತು ಮುಗಿದಿದೆ. ಇಲ್ಲಿಂದ ಮುಂದೆ ಈ ದೀಪಗಳಿಗೆ ಯಾರು ದುಡಿಯುತ್ತಾರೆ? ಆಷಾಢವಾಗಿದ್ದರೆ ಕರ್ನಾಟಕ, ತಮಿಳುನಾಡು, ಗುಜರಾತಿನ ಗಾಳಿ ಒಂದಷ್ಟು ಹೆಗಲು ಕೊಡುತ್ತಿತ್ತು. ದಿಲ್ಲಿಯ ಬೇಡಿಕೆ 8,656 ಮೆಗಾವಾಟಿನ ದಾಖಲೆ ಮುಟ್ಟಿದ್ದು 2024ರ ಜೂನ್ 19ರಂದು. ಮುಂಗಾರಿನ ಗಾಳಿ ನಮ್ಮ ಗುಡ್ಡ ಏರುವ ಕಾಲ ಅದು. ಗಾಳಿಗೂ ದಿಲ್ಲಿಯ ಬೇಸಗೆಗೂ ಅಷ್ಟರಮಟ್ಟಿಗೆ ಜಾತಕ ಕೂಡಿಬರುತ್ತದೆ. ಚಳಿಗಾಲಕ್ಕೆ ಕೂಡಿಬರುವುದಿಲ್ಲ. ದಿಲ್ಲಿ ಉಸಿರು ಕಟ್ಟಿ ಕೂರುವ ತಿಂಗಳುಗಳಲ್ಲೇ ನಮ್ಮ ಫ್ಯಾನುಗಳೂ ಮಂಕಾಗುತ್ತವೆ.

ಉತ್ತರ ಹುಡುಕಿ ದಾದ್ರಿಗೆ ಹೋದೆ. ಆನಂದ ವಿಹಾರದಲ್ಲಿ ಲೋಕಲ್ ರೈಲು ಹಿಡಿದರೆ ಘಾಜಿಯಾಬಾದ್ ದಾಟಿ ಉತ್ತರ ಪ್ರದೇಶದ ಗೌತಮ ಬುದ್ಧ ನಗರ ಜಿಲ್ಲೆಯ ಈ ಊರು. ಎನ್‌ಟಿಪಿಸಿಯ 1,820 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಇಲ್ಲಿದೆ, ಪಕ್ಕದಲ್ಲಿ ಅನಿಲದ್ದೂ ಇದೆ. ದಿಲ್ಲಿಯ ಸುತ್ತ 300 ಕಿಲೋಮೀಟರಿನೊಳಗೆ ಇಂಥ ಹನ್ನೊಂದು ಕಲ್ಲಿದ್ದಲು ಸ್ಥಾವರಗಳಿವೆ. ದಿಲ್ಲಿಯ ಒಳಗಿದ್ದವು ಈಗಿಲ್ಲ: ಇಂದ್ರಪ್ರಸ್ಥ, ರಾಜಘಾಟ್ ಮೊದಲೇ ಮುಚ್ಚಿದವು, 705 ಮೆಗಾವಾಟಿನ ಬದರ್‌ಪುರ 2018ರ ಅಕ್ಟೋಬರ್ 15ರಂದು ನಿಂತಿತು. ಚಿಮಣಿ ಊರಿನಿಂದ ಆಚೆ ಹೋಯಿತು, ಊರಿನ ಹಸಿವು ಆಚೆ ಹೋಗಲಿಲ್ಲ.

ಸ್ಥಾವರದ ಹೊರಗಿನ ಚಹಾದಂಗಡಿಯವನು ಹೆಚ್ಚು ಮಾತಿನವನಲ್ಲ. ಗ್ಲಾಸು ತೊಳೆಯುತ್ತ ಚಿಮಣಿಗಳ ಕಡೆ ಗಲ್ಲದಿಂದಲೇ ತೋರಿಸಿ, ಬೇಸಗೆಯಲ್ಲಿ ಎಲ್ಲ ಎದ್ದಿರುತ್ತವೆ, ಆಮೇಲೆ ಒಂದೆರಡು ಮಲಗುತ್ತವೆ ಎಂದ. ಅವು ಮಲಗುವುದಕ್ಕೆ ಕಾರಣವಿದೆ. ದಾದ್ರಿಗೆ ಕಲ್ಲಿದ್ದಲು ಬರುವುದು ಜಾರ್ಖಂಡಿನ ಪಿಪರ್ವಾರ್ ಕಡೆಯಿಂದ, ಸಾವಿರ ಕಿಲೋಮೀಟರ್ ರೈಲಿನಲ್ಲಿ. ಸಾಗಣೆ ಸೇರಿ ಇಲ್ಲಿಯ ಒಂದೊಂದು ಯುನಿಟ್ಟೂ ದುಬಾರಿ. ಲೋಡ್ ಡಿಸ್ಪ್ಯಾಚಿನವರ ಪಟ್ಟಿಯಲ್ಲಿ ಅಗ್ಗದ ವಿದ್ಯುತ್ತಿಗೆ ಮೊದಲ ಸಾಲು, ದುಬಾರಿಗೆ ಕೊನೆಯ ಸಾಲು. ಎಲ್ಲೋ ಗಾಳಿ ಬಲವಾಗಿ ಬೀಸಿ ಗ್ರಿಡ್ಡು ತುಂಬಿದರೆ ಮೊದಲು ಬ್ಯಾಕ್‌ಡೌನ್ ಆಗುವುದು, ಅಂದರೆ ಉತ್ಪಾದನೆ ಇಳಿಸಬೇಕಾಗುವುದು, ಗಣಿಯಿಂದ ದೂರವಿರುವ ಇಂಥ ಸ್ಥಾವರಗಳೇ. ಗಾಳಿ ಯಾವ ಚಿಮಣಿಯನ್ನು ತಣ್ಣಗೆ ಮಾಡುತ್ತದೆ ಎಂಬ ಕಾಕಾರ ಪ್ರಶ್ನೆಗೆ ನನಗೆ ಸಿಕ್ಕ ಕಣ್ಣೆದುರಿನ ಉತ್ತರ ಇದು. ಪೂರ್ತಿ ಆರಿಸುವುದೂ ಸುಲಭವಲ್ಲ. ಬಾಯ್ಲರು ಒಮ್ಮೆ ತಣ್ಣಗಾದರೆ ಮತ್ತೆ ಕಾಯಲು ಗಂಟೆಗಟ್ಟಲೆ ಬೇಕು. ಅದಕ್ಕೇ ಶೇ 55ರವರೆಗೆ ಇಳಿಸಿ ಉಸಿರು ಹಿಡಿದು ಕಾಯುತ್ತಾರೆ. ಮುಂದೆ ಶೇ 40ರವರೆಗೂ ಇಳಿಯಬೇಕೆಂದು ಸೇವಾ ಭವನದ ನಿಯಮ ಬಂದಿದೆ. ನಾನು ನೋಡುತ್ತಿದ್ದಾಗಲೇ ಕಲ್ಲಿದ್ದಲಿನ ಗೂಡ್ಸು ಒಳಗೆ ಹೋಯಿತು. ವ್ಯಾಗನ್ನುಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ಚಹಾದವನು ಗ್ಲಾಸುಗಳನ್ನು ಬೋರಲು ಹಾಕಿ ಮೇಲೊಂದು ಬಟ್ಟೆ ಮುಚ್ಚಿದ. ಗೂಡ್ಸು ಬಂದಾಗಲೆಲ್ಲ ಹಾಗೇ ಮಾಡುತ್ತಾನಂತೆ.

ಇಂಗಾಲ ಎಲ್ಲಿ ಉಳಿದರೂ ಜಗತ್ತಿಗೆ ಒಂದೇ. ದಾದ್ರಿಯ ಬದಲು ಬಳ್ಳಾರಿಯ ಕುಡುತಿನಿಯ ಚಿಮಣಿ ತಣ್ಣಗಾದರೂ ಆಕಾಶಕ್ಕೆ ವ್ಯತ್ಯಾಸವಿಲ್ಲ. ಹೊಗೆ ಹಾಗಲ್ಲ, ಅದು ತಾನಿದ್ದ ಊರಿನ ಎದೆಗೇ ಇಳಿಯುತ್ತದೆ. ದಿಲ್ಲಿಯವರು ಕೊಂಡ ಹಸಿರು ಪ್ರಮಾಣಪತ್ರ ದಿಲ್ಲಿಯ ನವೆಂಬರಿಗೆ ಔಷಧವಾಗುವುದಿಲ್ಲ. ಈ ಎರಡು ಲೆಕ್ಕಗಳನ್ನು ಬೆರೆಸಿ ಮಾತಾಡುವ ಭಾಷಣಗಳನ್ನು ದಿಲ್ಲಿಯಲ್ಲಿ ಬೇಕಾದಷ್ಟು ಕೇಳಬಹುದು.

ಮೂರನೆಯ ಲೆಕ್ಕವೊಂದಿದೆ, ಅದನ್ನು ಯಾರೂ ಬರೆಯುವುದಿಲ್ಲ. ಕಾಕಾರ ತಮ್ಮನ ಹೊಲ ಕಪ್ಪತಗುಡ್ಡದ ಸೆರಗಿನಲ್ಲಿದೆ. ಅದರಲ್ಲಿ ಎರಡೆಕರೆಗೆ ಫ್ಯಾನು ಬಂದು ವರ್ಷಗಳೇ ಆದವು. "ರೊಕ್ಕ ಬಂತ್ರಿ, ಸುಳ್ಳ ಯಾಕ ಹೇಳಲಿ. ಆದ್ರ ಗುಡ್ಡದ ಮ್ಯಾಲೆ ರಸ್ತೆ ಕಡದ್ರು, ಮಳಿ ನೀರು ಹರಿಯೂ ದಿಕ್ಕ ಬ್ಯಾರೆ ಆತು. ನಮ್ಮ ಹಳ್ಳ ಈಗ ಮೊದಲಿನ್ಹಂಗ ತುಂಬೂದಿಲ್ಲ." ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡವನ್ನು 2019ರಲ್ಲಿ ವನ್ಯಧಾಮವೆಂದು ಘೋಷಿಸಿದರು, ಫ್ಯಾನುಗಳು ಅದಕ್ಕೂ ಮೊದಲೇ ಹತ್ತಿಯಾಗಿತ್ತು. ಯಂತ್ರ ನೆಟ್ಟರೆ ನೆಲದ ಮೇಲೆ ಏನಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ಸಾತಾರಾದ ಚಾಲ್ಕೇವಾಡಿ ಪ್ರಸ್ಥಭೂಮಿಯಲ್ಲಿ ನೋಡಿದರು. ವರದಿ ಪ್ರಕಟವಾದದ್ದು 2018ರಲ್ಲಿ. ಫ್ಯಾನುಗಳಿರುವ ಕಡೆ ಹದ್ದು, ಗಿಡುಗಗಳು ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿದಿದ್ದವು. ಅವು ತಿನ್ನಬೇಕಿದ್ದ ಬೀಸಣಿಗೆ ಗಂಟಲಿನ ಓತಿಕ್ಯಾತಗಳು ಹೆಚ್ಚಾಗಿದ್ದವು. ಮನುಷ್ಯ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ, ಹೆದರಿಕೆಯೇ ಕಡಿಮೆಯಾಗಿತ್ತು. ಒಂದು ಟನ್ನಿಗೂ ಲೆಕ್ಕ ಸಿಗುವ ಲೋಕದಲ್ಲಿ ಈ ಓತಿಕ್ಯಾತದ ಹೆದರಿಕೆಗೆ ಖಾತೆಯಿಲ್ಲ.

ಊರಿಗೆ ಹೊರಡುವ ಮುನ್ನ ಲೋದಿ ರಸ್ತೆಯನ್ನೊಮ್ಮೆ ನಡೆದೆ. ನವೀಕರಿಸಬಹುದಾದ ಇಂಧನ ಸಚಿವಾಲಯದ ಅಟಲ್ ಅಕ್ಷಯ ಊರ್ಜಾ ಭವನ, ದಾದ್ರಿಯ ಒಡೆಯರಾದ ಎನ್‌ಟಿಪಿಸಿಯ ಕಚೇರಿ ಎರಡೂ ಕೂಗಳತೆಯಲ್ಲಿವೆ. ಲೋದಿ ಎಸ್ಟೇಟಿನ ದಿಲ್ಲಿ ಕನ್ನಡ ಶಾಲೆಯ ಮಕ್ಕಳು ಮಾಸ್ಕ್ ಹಾಕಿಕೊಂಡು ಹೊರಬರುತ್ತಿದ್ದರು, ಕನ್ನಡ ಒಂದೆರಡು ದನಿಯಲ್ಲಷ್ಟೇ ಕೇಳಿಸಿತು. ಸ್ವಲ್ಪ ಮುಂದೆ ಜೋರ್ ಬಾಗ್‌ನಲ್ಲಿ ಇಂದಿರಾ ಪರ್ಯಾವರಣ ಭವನ. 2014ರಲ್ಲಿ ತೆರೆದ ಕಟ್ಟಡ, ಚಾವಣಿಯ ತುಂಬ 930 ಕಿಲೋವಾಟಿನ ಸೌರ ಫಲಕ. ತನಗೆ ಬೇಕಾದ ವಿದ್ಯುತ್ತನ್ನು ತಾನೇ ಮಾಡಿಕೊಳ್ಳಬೇಕೆಂದೇ ಕಟ್ಟಿದ್ದು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಕಡತ ಓಡಾಡಿದ್ದು ಇದೇ ಭವನದ ಮೆಟ್ಟಿಲುಗಳ ಮೇಲೆ. ಗಾಳಿ, ಸೂರ್ಯ ಹೆಚ್ಚಾದಾಗ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಏರಿಸಿ, ಸಂಜೆ ಬೇಕಾದಾಗ ಇಳಿಸಿ 2,000 ಮೆಗಾವಾಟ್ ಪಡೆಯುವ ಯೋಜನೆ. ನಡುವೆ ಇರುವುದು ಸಿಂಗಳೀಕದ ಅಭಯಾರಣ್ಯ. ಕರ್ನಾಟಕ ಭವನಗಳಿಗೆ ಕಾವೇರಿ, ಶರಾವತಿ, ಭೀಮಾ ಎಂದು ಹೆಸರಿಟ್ಟುಕೊಂಡವರು ನಾವು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಂದಿನಿಂದ ನದಿಗೆ ಎರಡು ಕೆಲಸ ಹೇಳುವುದು ನಮಗೆ ರೂಢಿ. ಸಂಜೆಯ ದೀಪಕ್ಕೆ ಬ್ಯಾಟರಿ ಇದೆ, ಬೇರೆ ಜಾಗಗಳಿವೆ, ಬೇಡಿಕೆಯನ್ನೇ ಗಾಳಿ ಬೀಸುವ ಹೊತ್ತಿಗೆ ಸರಿಸುವ ದರಪಟ್ಟಿಗಳಿವೆ. ಅದನ್ನೆಲ್ಲ ಮಾಡಿ ನೋಡುವ ಮೊದಲೇ ಶರಾವತಿಯ ಕಣಿವೆಗೆ ಕೈ ಹಾಕುವುದು ಅವಸರವೆಂದೇ ನನಗನಿಸುತ್ತದೆ. ಗಾಳಿಯ ಪರವಾಗಿರುವವರೇ ಇದನ್ನು ಗಟ್ಟಿಯಾಗಿ ಹೇಳಬೇಕು.

ಸ್ಟೇಷನ್ನಿಗೆ ಹೋಗುವ ಆಟೊದಲ್ಲಿದ್ದಾಗ ಕಾಕಾ ಫೋನು ಮಾಡಿದರು. ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಹಳೆಯ ಗಾಳಿಯಂತ್ರ ಕಿತ್ತು ಹೊಸದು ನಿಲ್ಲಿಸುವ ನೀತಿಯನ್ನು ಹೊಸದಾಗಿ ಪ್ರಕಟಿಸಿದೆ. ತಮ್ಮನ ಹೊಲದ ಹಳೇ ಫ್ಯಾನನ್ನೂ ತೆಗೆದು ಮೂರು ಮೆಗಾವಾಟಿನದು ಹಾಕುತ್ತೇವೆಂದು ಏಜೆಂಟರು ಬಂದಿದ್ದಾರಂತೆ. ತಮ್ಮ ಸಹಿ ಹಾಕಲೋ ಬೇಡವೋ ಎಂದು ಕೇಳುತ್ತಿದ್ದಾನೆ.

"ಏನಂತೀರಿ?"

ನಾಲ್ಕೈದು ಹಳೆಯವುಗಳ ಕೆಲಸ ಒಂದೇ ಮಾಡುತ್ತದೆ, ಒಳ್ಳೆಯದೇ ಎಂದೆ. ಆದರೆ ಅದರ ರೆಕ್ಕೆ ಅರವತ್ತು ಎಪ್ಪತ್ತು ಮೀಟರ್ ಉದ್ದ, ಹಳೇ ರಸ್ತೆಯ ತಿರುವಿನಲ್ಲಿ ಆ ಲಾರಿ ಹೊರಳುವುದಿಲ್ಲ. ರಸ್ತೆ ಎಷ್ಟು ಅಗಲ ಮಾಡುತ್ತಾರೆ, ಹಳ್ಳಕ್ಕೆ ಮೋರಿ ಎಲ್ಲಿ ಕೊಡುತ್ತಾರೆ, ಹಳೇ ಪಾಯದ ಸಿಮೆಂಟು ಯಾರು ಕೀಳುತ್ತಾರೆ, ಇಷ್ಟನ್ನು ಒಪ್ಪಂದದಲ್ಲಿ ಬರೆಸಿಕೊಂಡು ಸಹಿ ಹಾಕಲಿ.

"ಬರಸತೀನಿ ತಗೋರಿ. ಕನ್ನಡದಾಗ ಬರಸತೀನಿ" ಎಂದು ಕಾಕಾ ಫೋನ್ ಇಟ್ಟರು.